ಬೆಳಕಿನ ಚಿಮಟ: ಹಿಡಿತ ಹದಗೊಂಡ ಕಥೆ



ಕಾರ್ಕಳದ ಗೊಮ್ಮಟ ಬೆಟ್ಟವನ್ನು ನಿಮ್ಮಲ್ಲಿ ಹಲವರು ಹತ್ತಿದ್ದೀರಿ. ಹತ್ತದವರು ಚಿತ್ರವನ್ನಾದರೂ ನೋಡಿದ್ದೀರಿ. ಭೈರರಸ ಮನೆತನದ ವೀರಪಾಂಡ್ಯನು 1432ರಲ್ಲಿ ಪ್ರತಿಷ್ಠಾಪಿಸಿದ, ಸುಮಾರು 42 ಅಡಿ ಎತ್ತರದ ಆ ಏಕಶಿಲಾ ವಿಗ್ರಹ ಬಯಲಿನಲ್ಲೇ ನಿಂತಿದೆ. ಮಳೆಗಾಲ ಕಳೆದರೆ ಉಳಿದ ದಿನಗಳೆಲ್ಲ ಅದಕ್ಕೆ ಬಿಸಿಲೇ. ಈ ಬಿಸಿಲು ಕಲ್ಲನ್ನು ಕಾಯಿಸುತ್ತದೆ ಎಂಬುದು ಮಧ್ಯಾಹ್ನ ಬರಿಗಾಲಲ್ಲಿ ಬಂಡೆ ಹತ್ತಿದವರಿಗೆಲ್ಲ ಗೊತ್ತು. ಆದರೆ ಅದೇ ಬಿಸಿಲು ವಿಗ್ರಹವನ್ನು ತಳ್ಳುತ್ತಲೂ ಇದೆ ಎಂದರೆ ನಂಬುವಿರಾ?

ತಳ್ಳುತ್ತದೆ. ಎಷ್ಟೆಂದು ಲೆಕ್ಕವನ್ನೂ ಹಾಕಬಹುದು. ಒಳ್ಳೆಯ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1,000 ವಾಟ್‌ನಷ್ಟು ಬೀಳುತ್ತದೆ. ಇದನ್ನು ಬೆಳಕಿನ ವೇಗದಿಂದ, ಅಂದರೆ ಸೆಕೆಂಡಿಗೆ 30 ಕೋಟಿ ಮೀಟರಿನಿಂದ ಭಾಗಿಸಿದರೆ ಸಿಗುವ ಬಲವು ಮಿಲಿಗ್ರಾಮಿನ ಮೂರನೆಯ ಒಂದು ಪಾಲಿನ ತೂಕಕ್ಕೆ ಸಮ. ವಿಗ್ರಹದ ಇಡೀ ಮುಂಭಾಗಕ್ಕೆ ಬಿಸಿಲು ನೇರವಾಗಿ ಬಿದ್ದರೂ ಒಟ್ಟು ತಳ್ಳು ಹೆಚ್ಚೆಂದರೆ ಒಂದು ಅಕ್ಕಿ ಕಾಳಿನ ಭಾರದಷ್ಟು. ಆರು ಶತಮಾನಗಳಿಂದ ಬಿಸಿಲು ತಳ್ಳುತ್ತಲೇ ಇದ್ದರೂ ಗೊಮ್ಮಟ ಅಲುಗದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಷ್ಟು ದುರ್ಬಲವಾದ ಬಲದಿಂದ ವಸ್ತುಗಳನ್ನು ಹಿಡಿದು, ಎತ್ತಿ, ಬೇಕಾದಲ್ಲಿ ಇಡಬಹುದು ಎಂದು ಮನುಷ್ಯ ಕಂಡುಕೊಂಡದ್ದು ಹೇಗೆ? ಆ ಹಿಡಿತ ಕಾಲಕ್ರಮದಲ್ಲಿ ಹೇಗೆ ಸುಧಾರಿಸಿತು? ಗೊಮ್ಮಟ ಬೆಟ್ಟದಿಂದ ಬೈಲೂರು, ಹಿರಿಯಡ್ಕ, ಪರ್ಕಳ ದಾರಿಯಾಗಿ ಬಸ್ಸಿನಲ್ಲಿ ಹೋದರೆ ಸಿಗುವ ಮಣಿಪಾಲದ ಒಂದು ಪ್ರಯೋಗಶಾಲೆಗೂ ಈ ಚರಿತ್ರೆಯಲ್ಲಿ ಒಂದು ಪುಟ ಉಂಟು. ಅಲ್ಲಿಗೆ ತಲುಪುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಧೂಮಕೇತುವಿನ ಬಾಲ ಯಾವಾಗಲೂ ಸೂರ್ಯನಿಗೆ ವಿಮುಖವಾಗಿರುವುದನ್ನು ಗಮನಿಸಿದ ಖಗೋಳವಿಜ್ಞಾನಿ ಕೆಪ್ಲರ್, ಸೂರ್ಯನ ಬೆಳಕೇ ಅದನ್ನು ತಳ್ಳುತ್ತಿರಬೇಕೆಂದು 1619ರಲ್ಲಿ ಬರೆದನು. ಅದು ಊಹೆ ಮಾತ್ರ. 1873ರಲ್ಲಿ ಸ್ಕಾಟ್ಲೆಂಡಿನ ಮ್ಯಾಕ್ಸ್‌ವೆಲ್ ತನ್ನ ವಿದ್ಯುತ್ಕಾಂತೀಯ ಸಿದ್ಧಾಂತದಿಂದ ಬೆಳಕಿನ ಒತ್ತಡಕ್ಕೆ ಲೆಕ್ಕ ಕೊಟ್ಟನು. ಅಳೆಯುವುದು ಮಾತ್ರ ಕಷ್ಟವಾಯಿತು. ಬೆಳಕು ಬಿದ್ದ ವಸ್ತು ಬಿಸಿಯಾಗುತ್ತದೆ, ಬಿಸಿಯಾದ ವಸ್ತುವಿನ ಸುತ್ತಲಿನ ಗಾಳಿ ಅದನ್ನು ಬೆಳಕಿಗಿಂತ ಜೋರಾಗಿ ತಳ್ಳುತ್ತದೆ. ರಷ್ಯದ ಲೆಬೆದೆವ್ ಮತ್ತು ಅಮೆರಿಕದ ನಿಕೋಲ್ಸ್ ಹಾಗೂ ಹಲ್ ಈ ತೊಡಕನ್ನು ನಿವಾರಿಸಿ 1901ರ ಸುಮಾರಿಗೆ ಬೆಳಕಿನ ಒತ್ತಡ ನಿಜವೆಂದು ಪ್ರಯೋಗದಿಂದ ತೋರಿಸಿದರು. ಆಮೇಲೆ ಅರುವತ್ತು ವರ್ಷಗಳ ಕಾಲ ಅದು ಪಠ್ಯಪುಸ್ತಕದ ಒಂದು ಪ್ಯಾರಾ ಆಗಿ ಉಳಿಯಿತು. ನಿಜ, ಆದರೆ ಉಪಯೋಗಕ್ಕೆ ಬಾರದು ಎಂಬ ಅಭಿಪ್ರಾಯವೇ ಸಾಮಾನ್ಯವಾಗಿತ್ತು.

ಇಲ್ಲಿ ನೀವು ಒಂದು ಅಂಶವನ್ನು ಗಮನಿಸಬೇಕು. ಬೆಳಕಿನ ತಳ್ಳು ವಸ್ತುವಿನ ಮೇಲ್ಮೈಯನ್ನು ಅವಲಂಬಿಸಿದೆ. ವಸ್ತುವಿನ ಭಾರ ಅದರ ಗಾತ್ರವನ್ನು ಅವಲಂಬಿಸಿದೆ. ವಸ್ತುವನ್ನು ಹತ್ತು ಪಟ್ಟು ಕಿರಿದು ಮಾಡಿದರೆ ತಳ್ಳು ನೂರು ಪಟ್ಟು ಕಡಿಮೆಯಾಗುತ್ತದೆ, ಭಾರವಾದರೋ ಸಾವಿರ ಪಟ್ಟು. ಅಂದರೆ ಕಿರಿದಾದಷ್ಟೂ ಬೆಳಕಿನ ಕೈ ಮೇಲಾಗುತ್ತದೆ! ಒಂದು ಮೈಕ್ರೋಮೀಟರ್ ವ್ಯಾಸದ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಅಗಲದ ನೀರಿನ ಹನಿಯನ್ನು ತೆಗೆದುಕೊಳ್ಳಿ. ವಾಟ್‌ನ ಸಾವಿರದ ಒಂದು ಭಾಗದಷ್ಟು ಸಾಮರ್ಥ್ಯದ ಬೆಳಕನ್ನೆಲ್ಲ ಆ ಹನಿಯ ಮೇಲೇ ಕೂಡಿಸಲು ಸಾಧ್ಯವಾದರೆ, ಅದರ ತಳ್ಳು ಹನಿಯ ಭಾರದ ಆರುನೂರು ಪಟ್ಟಿಗೂ ಮಿಗಿಲು. ಅದರಲ್ಲಿ ಹತ್ತರಲ್ಲೊಂದು ಪಾಲು ಕೆಲಸಕ್ಕೆ ಬಂದರೂ ಸಾಕು. ಬಿಸಿಲನ್ನಾಗಲಿ ದೀಪದ ಬೆಳಕನ್ನಾಗಲಿ ಅಷ್ಟು ಸಣ್ಣ ಜಾಗಕ್ಕೆ ಕೂಡಿಸಲಾಗದು; ಲೇಸರನ್ನು ಕೂಡಿಸಬಹುದು. ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ.

ಈ ಲೆಕ್ಕವನ್ನು ಗಂಭೀರವಾಗಿ ತೆಗೆದುಕೊಂಡವನು ಅಮೆರಿಕದ ಬೆಲ್ ಪ್ರಯೋಗಾಲಯದ ಆರ್ಥರ್ ಆಶ್ಕಿನ್. ನೀರಿನಲ್ಲಿ ತೇಲುವ ಸಣ್ಣ ಗೋಲಿಗಳ ಮೇಲೆ ಲೇಸರ್ ಹಾಯಿಸಿ ಅವು ಮುಂದಕ್ಕೆ ಚಲಿಸುವುದನ್ನು ಅವನು ಕಂಡನು. ಅದು ನಿರೀಕ್ಷಿಸಿದ್ದೇ. ನಿರೀಕ್ಷಿಸದ ಇನ್ನೊಂದು ಸಂಗತಿಯೂ ಕಂಡಿತು: ಕಿರಣದ ಅಂಚಿನಲ್ಲಿದ್ದ ಗೋಲಿಗಳು ಕಿರಣದ ನಡುವಿಗೆ ಎಳೆಯಲ್ಪಡುತ್ತಿದ್ದವು. 1970ರಲ್ಲಿ ಅವನು ಎದುರುಬದುರಾದ ಎರಡು ಕಿರಣಗಳ ನಡುವೆ ಗೋಲಿಯನ್ನು ಸಿಲುಕಿಸಿ ನಿಲ್ಲಿಸಿದನು. ಒಂದೇ ಕಿರಣದಿಂದ ಹಿಡಿಯುವ ಉಪಾಯ ಪ್ರಕಟವಾದದ್ದು 1986ರಲ್ಲಿ; ಜಿಯೆಡ್ಜಿಕ್, ಬ್ಯೋರ್ಕ್‌ಹೋಮ್ ಮತ್ತು ಸ್ಟೀವನ್ ಚು ಜತೆಗಿದ್ದರು. ನಡುವೆ ಹದಿನಾರು ವರ್ಷ! ಪ್ರಯೋಗದ ಫಲ ತಿಂಗಳೊಳಗೆ ಬರಬೇಕೆಂದು ಚಡಪಡಿಸುವ ನಮ್ಮಂಥವರು ಈ ಅಂಕಿಯನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ತಳ್ಳುವ ಬೆಳಕು ಎಳೆಯುವುದು ಹೇಗೆ? ಪರದೆಯ ಮೇಲಾದರೆ ಚಿತ್ರ ತೋರಿಸಬಹುದು. ಇಲ್ಲಿ ನೀವೇ ಕಾಗದದ ಮೇಲೆ ಗೆರೆ ಎಳೆದುಕೊಳ್ಳಿ. ಪಾರದರ್ಶಕ ಗೋಲಿಯೊಂದು ಪುಟ್ಟ ಮಸೂರವಿದ್ದ ಹಾಗೆ. ಅದನ್ನು ಹಾದುಹೋಗುವ ಕಿರಣ ವಕ್ರೀಭವನದಿಂದ ಬಾಗುತ್ತದೆ. ಬೆಳಕಿಗೆ ಸಂವೇಗ ಇದೆ. ದಿಕ್ಕು ಬದಲಾದರೆ ಸಂವೇಗವೂ ಬದಲಾಯಿತು. ನ್ಯೂಟನ್ನನ ಮೂರನೆಯ ನಿಯಮದ ಪ್ರಕಾರ, ಗೋಲಿ ಬೆಳಕನ್ನು ಎಡಕ್ಕೆ ಬಾಗಿಸಿದರೆ ಬೆಳಕು ಗೋಲಿಯನ್ನು ಬಲಕ್ಕೆ ದೂಡುತ್ತದೆ. ಬೆಳಕು ದಟ್ಟವಾಗಿರುವ ಕಡೆಯ ಕಿರಣಗಳು ಹೆಚ್ಚು ಬಲಶಾಲಿಗಳಾದುದರಿಂದ ಒಟ್ಟು ಪರಿಣಾಮವಾಗಿ ಗೋಲಿ ದಟ್ಟ ಬೆಳಕಿನ ಕಡೆಗೇ ಸರಿಯುತ್ತದೆ. ಸೂಕ್ಷ್ಮದರ್ಶಕದ ಪ್ರಬಲ ಮಸೂರದಿಂದ ಕಿರಣವನ್ನು ತೀರಾ ಓರೆಯಾಗಿ ಒಂದು ಬಿಂದುವಿಗೆ ಕೂಡಿಸಿದರೆ, ಈ ಸೆಳೆತ ಎಲ್ಲ ದಿಕ್ಕಿನಿಂದಲೂ ಆ ಬಿಂದುವಿನತ್ತ ಇರುತ್ತದೆ, ಬೆಳಕಿನ ಮುಂದೂಡುವ ಗುಣವನ್ನೂ ಮೀರಿಸುತ್ತದೆ. ಬಿಂದುವನ್ನು ಸರಿಸಿದರೆ ಗೋಲಿಯೂ ಸರಿಯುತ್ತದೆ. ಗಡಿಯಾರ ರಿಪೇರಿಯವನು ಚಿಮಟದಿಂದ ತಿರುಪು ಎತ್ತಿಟ್ಟಂತೆ. ಇದಕ್ಕೇ ಆಪ್ಟಿಕಲ್ ಟ್ವೀಜರ್, ಬೆಳಕಿನ ಚಿಮಟ, ಎಂದು ಹೆಸರಾಯಿತು.

ಗೋಲಿ ಹಿಡಿಯುವುದು ಒಂದು, ಜೀವವನ್ನು ಹಿಡಿಯುವುದು ಇನ್ನೊಂದು. ತಂಬಾಕು ಗಿಡದ ರೋಗಾಣುವನ್ನು ಹಿಡಿಯಲು ಹೊರಟ ಆಶ್ಕಿನ್ನನಿಗೆ ಹಳತಾದ ದ್ರಾವಣದಲ್ಲಿ ತಾವಾಗಿಯೇ ಓಡಾಡುವ ಕಣಗಳು ಸಿಕ್ಕಿಬಿದ್ದವು. ನೋಡಿದರೆ ಬ್ಯಾಕ್ಟೀರಿಯಗಳು! ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಹಸಿರು ಲೇಸರಿನ ಬಲ ಏರಿಸಿದಾಗ ಹಿಡಿದ ಜೀವಿ ಅಲ್ಲೇ ಸತ್ತಿತು. ಚಿಮಟದ ಚರಿತ್ರೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಘಟ್ಟ ಇದೇ. ಹಿಡಿತ ಸಡಿಲವಾದಾಗ ಬಲ ಹೆಚ್ಚಿಸಬೇಕೆನ್ನುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಇಲ್ಲಿ ಆ ಉಪಾಯ ಕೊಲೆಯಲ್ಲಿ ಮುಗಿಯಿತು. 1987ರಲ್ಲಿ ಆಶ್ಕಿನ್ ಮತ್ತು ಸಂಗಡಿಗರು ಬಲ ಬಿಟ್ಟು ಬಣ್ಣ ಬದಲಾಯಿಸಿದರು. ಕಣ್ಣಿಗೆ ಕಾಣದ, 1064 ನ್ಯಾನೋಮೀಟರ್ ತರಂಗಾಂತರದ ಅವಕೆಂಪು ಲೇಸರನ್ನು ಹಾಯಿಸಿದಾಗ ಬ್ಯಾಕ್ಟೀರಿಯ ಮತ್ತು ಯೀಸ್ಟ್ ಕಣಗಳು ಚಿಮಟದ ಹಿಡಿತದಲ್ಲೇ ಇದ್ದು ಮರಿ ಮಾಡಿದವು.

ಬಣ್ಣ ಏಕೆ ಮುಖ್ಯ? ರಕ್ತವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅದು ಕೆಂಪಾಗಿ ಕಾಣುವುದು ಹಿಮೋಗ್ಲೋಬಿನ್ ಹಸಿರು, ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ. ಹೀರಿದ ಬೆಳಕು ಶಾಖವಾಗುತ್ತದೆ, ಕೋಶ ಬೇಯುತ್ತದೆ. ಅವಕೆಂಪಿನಲ್ಲಿ ತೀರಾ ಮುಂದೆ ಹೋದರೆ ನೀರೇ ಬೆಳಕನ್ನು ಹೀರತೊಡಗುತ್ತದೆ. ಸುಮಾರು 700ರಿಂದ 1100 ನ್ಯಾನೋಮೀಟರಿನ ನಡುವೆ ಜೀವಕೋಶಕ್ಕೆ ಸಹ್ಯವಾದ ಒಂದು ಕಿಟಕಿಯಿದೆ. ಆ ಕಿಟಕಿಯೊಳಗೂ ಎಲ್ಲ ಜಾಗ ಒಂದೇ ಅಲ್ಲ. ಸ್ಟೀವನ್ ಬ್ಲಾಕ್ ಅವರ ತಂಡ 1999ರಲ್ಲಿ ಇ. ಕೋಲಿ ಬ್ಯಾಕ್ಟೀರಿಯಗಳನ್ನು ಹಿಡಿದು ಪರೀಕ್ಷಿಸಿದಾಗ 830 ಮತ್ತು 970 ನ್ಯಾನೋಮೀಟರಿನಲ್ಲಿ ಹಾನಿ ಅತಿ ಕಡಿಮೆ, 870 ಮತ್ತು 930ರಲ್ಲಿ ಹೆಚ್ಚು ಎಂದು ಕಂಡಿತು. ಸುತ್ತಲಿನ ಆಮ್ಲಜನಕವನ್ನು ತೆಗೆದರೆ ಹಾನಿ ಬಹುಮಟ್ಟಿಗೆ ನಿಂತೇಹೋಯಿತು. ಕೊಲ್ಲುತ್ತಿದ್ದುದು ಬರಿಯ ಶಾಖವಲ್ಲ, ಬೆಳಕೂ ಆಮ್ಲಜನಕವೂ ಸೇರಿ ನಡೆಸಿದ ರಾಸಾಯನಿಕ ಕ್ರಿಯೆ ಎಂದು ಇದರಿಂದ ತಿಳಿಯಿತು.

ಹಿಡಿತ ಎಷ್ಟು ಬಿಗಿ ಎಂದು ಅಳೆಯುವ ಕ್ರಮವೂ ಸೊಗಸಾದದ್ದೇ. ಚಿಮಟದಲ್ಲಿ ಸಿಕ್ಕ ಕಣ ಸ್ಥಿರವಾಗಿ ನಿಲ್ಲುವುದಿಲ್ಲ. ಸುತ್ತಲಿನ ನೀರಿನ ಅಣುಗಳು ಬಡಿಯುವುದರಿಂದ ಸದಾ ನಡುಗುತ್ತದೆ. ಸ್ಪ್ರಿಂಗ್ ಬಿಗಿಯಾದಷ್ಟೂ ನಡುಕ ಕಡಿಮೆ. ಆದ್ದರಿಂದ ನಡುಕವನ್ನು ಅಳೆದರೆ ಹಿಡಿತದ ಬಿಗಿ ತಾನೇ ಲೆಕ್ಕಕ್ಕೆ ಸಿಗುತ್ತದೆ. ಸುಧಾರಣೆ ಮಾಡುವವರು ಮಸೂರವನ್ನು ಅಂಚಿನವರೆಗೂ ಬೆಳಕಿನಿಂದ ತುಂಬುತ್ತಾರೆ. ಮೇಜು ಅದುರದಂತೆ ನೋಡಿಕೊಳ್ಳುತ್ತಾರೆ. ಬ್ಲಾಕ್ ತಂಡ 2005ರಲ್ಲಿ ಲೇಸರ್ ಹಾಯುವ ದಾರಿಯಿಂದ ಗಾಳಿಯನ್ನೇ ಹೊರಹಾಕಿ ಹೀಲಿಯಂ ತುಂಬಿತು! ಗಾಳಿ ಅಲುಗಿದರೆ ಕಿರಣವೂ ತುಸು ಅಲುಗುತ್ತದೆ. ಹೀಲಿಯಂ ಬೆಳಕನ್ನು ಬಾಗಿಸುವುದು ಗಾಳಿಗಿಂತ ಬಹಳ ಕಡಿಮೆ. ಇದರಿಂದ ಡಿಎನ್‌ಎ ಏಣಿಯ ಒಂದೊಂದೇ ಮೆಟ್ಟಿಲನ್ನು, ಅಂದರೆ ನ್ಯಾನೋಮೀಟರಿನ ಮೂರನೆಯ ಒಂದು ಪಾಲನ್ನು, ಕಿಣ್ವವೊಂದು ಏರುವುದನ್ನು ಕಾಣಲು ಸಾಧ್ಯವಾಯಿತು.

ಈಗ ಮಣಿಪಾಲಕ್ಕೆ ಬರೋಣ. ಬೆಳಕಿನಿಂದ ರೋಗ ಗುರುತಿಸುವ ಕೆಲಸ ಅಲ್ಲಿ ಹೊಸತಲ್ಲ. ಬಾಬಾ ಅಣು ಸಂಶೋಧನಾ ಕೇಂದ್ರದಿಂದ ಬಂದ ರೋಹಿತ ವಿಜ್ಞಾನಿ ವಿ. ಬಿ. ಕರ್ತಾ ಅದಕ್ಕೆ ಅಡಿಪಾಯ ಹಾಕಿದ್ದರು. ಅಲ್ಲಿಯವರ ಮುಂದೆ ಇದ್ದ ಪ್ರಶ್ನೆ ಇದು: ಜೀವಂತ ರಕ್ತಕಣದೊಳಗೆ ಏನಿದೆಯೆಂದು ಅದನ್ನು ಕೊಲ್ಲದೆ, ಬಣ್ಣ ಹಚ್ಚದೆ, ಒಂದೊಂದಾಗಿ ತಿಳಿಯುವುದು ಹೇಗೆ?

ತಿಳಿಯುವ ದಾರಿಯನ್ನು ನಮ್ಮವರೇ ಆದ ಸರ್ ಸಿ. ವಿ. ರಾಮನ್ 1928ರಲ್ಲಿ ತೋರಿಸಿದ್ದರು. ಅಣುವಿನಿಂದ ಚೆದರಿದ ಬೆಳಕಿನಲ್ಲಿ ಒಂದು ಅಲ್ಪ ಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ; ಆ ಬದಲಾವಣೆ ಆಯಾ ಅಣುವಿನ ಸಹಿ ಇದ್ದ ಹಾಗೆ. ಫೆಬ್ರವರಿ 28ನ್ನು ವಿಜ್ಞಾನ ದಿನವೆಂದು ನೀವು ಶಾಲೆಯಲ್ಲಿ ಆಚರಿಸುತ್ತೀರಿ, ಭಾಷಣವನ್ನೂ ಮಾಡುತ್ತೀರಿ. ಆ ಪರಿಣಾಮದಿಂದ ಇಂದು ಏನು ಕೆಲಸವಾಗುತ್ತಿದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಇದು ನನ್ನ ಹಳೆಯ ದೂರು. ರಾಮನ್ ಬೆಂಗಳೂರಿನಲ್ಲಿ ತೀರಿಕೊಂಡದ್ದು 1970ರ ನವೆಂಬರ್ 21ರಂದು. ಆಶ್ಕಿನ್ನನ ಮೊದಲ ಲೇಖನ ಬಂದ ವರ್ಷವೂ ಅದೇ. ಕಾಕತಾಳೀಯವೇ ಸರಿ, ಆದರೂ ಇಬ್ಬರ ಕೆಲಸವೂ ಒಂದೇ ಉಪಕರಣದಲ್ಲಿ ಕೂಡಿಕೊಂಡು ರಾಮನ್ ಚಿಮಟ ಆಯಿತು. 2002ರಲ್ಲಿ ಅಮೆರಿಕದ ಕ್ಸೀ, ಡಿನ್ನೋ ಮತ್ತು ಲೀ, ಚಿಮಟದಲ್ಲಿ ಹಿಡಿದ ಒಂಟಿ ಜೀವಕೋಶದ ರಾಮನ್ ರೋಹಿತವನ್ನು ಪ್ರಕಟಿಸಿದರು.

ಎರಡನ್ನೂ ಕೂಡಿಸಬೇಕಾದ ಅಗತ್ಯವೇನು? ರಾಮನ್ ಬೆಳಕು ತೀರಾ ಕ್ಷೀಣ; ಚೆದರಿದ ಬೆಳಕಿನ ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು. ಅದನ್ನು ಕೂಡಿಹಾಕಲು ಸಮಯ ಬೇಕು, ಅಷ್ಟು ಹೊತ್ತೂ ರಕ್ತಕಣ ಕದಲಬಾರದು. ಹಿಂದೆ ಕಣವನ್ನು ಗಾಜಿನ ತುಂಡಿಗೆ ರಾಸಾಯನಿಕದಿಂದ ಅಂಟಿಸುತ್ತಿದ್ದರು. ಅಂಟಿಸಿದ ಕಣ ರಕ್ತದಲ್ಲಿ ತೇಲುವ ಕಣದಂತೆ ಇರುತ್ತದೆಯೇ? ನದಿಯ ಮೀನಿನ ಸ್ವಭಾವವನ್ನು ಮಾರುಕಟ್ಟೆಯ ಬುಟ್ಟಿಯಲ್ಲಿ ನೋಡಿ ತಿಳಿದಂತಾಗುತ್ತದೆ. ಚಿಮಟದಲ್ಲಾದರೆ ಕಣ ದ್ರವದಲ್ಲೇ ತೇಲುತ್ತಾ ಸಿಕ್ಕಿಕೊಂಡಿರುತ್ತದೆ. ತಟ್ಟೆಯಾಕಾರದ ಕೆಂಪು ಕಣವಂತೂ ಸಿಕ್ಕಿದೊಡನೆ ಮಗ್ಗುಲಾಗಿ, ಅಂಚಿನ ಮೇಲೆ ನಿಂತ ನಾಣ್ಯದಂತೆ, ನಿಂತುಕೊಳ್ಳುತ್ತದೆ.

ಆದರೆ ಒಂದೇ ಲೇಸರಿನಿಂದ ಹಿಡಿಯುವುದನ್ನೂ ವಿಚಾರಿಸುವುದನ್ನೂ ಮಾಡಹೊರಟರೆ ಇಕ್ಕಟ್ಟು. ಗಟ್ಟಿಯಾಗಿ ಹಿಡಿಯಲು ಹೆಚ್ಚು ಬೆಳಕು ಬೇಕು. ಹೆಚ್ಚು ಬೆಳಕು ಕಣಕ್ಕೆ ಕೇಡು. 1064 ನ್ಯಾನೋಮೀಟರಿನ ಬೆಳಕು ಕಣಕ್ಕೆ ಮೃದು, ನಿಜ. ಆದರೆ ತರಂಗಾಂತರ ಹೆಚ್ಚಿದಷ್ಟೂ ಚೆದರಿಕೆ ಬೇಗಬೇಗ ಕುಗ್ಗುತ್ತದೆ. ಅದರ ನಾಲ್ಕನೆಯ ಘಾತದ ವಿಲೋಮಕ್ಕೆ ಅನುಗುಣವಾಗಿ ಎಂದು ಕಾಲೇಜಿನವರು ಓದಿರಬಹುದು. 785 ನ್ಯಾನೋಮೀಟರಿನ ಬೆಳಕು ಈ ಲೆಕ್ಕದಲ್ಲಿ 1064ರ ಮೂರೂಕಾಲು ಪಟ್ಟಿಗಿಂತ ಹೆಚ್ಚು ಚೆದರುತ್ತದೆ. ಮೇಲಾಗಿ 1064ರಿಂದ ಹುಟ್ಟುವ ರಾಮನ್ ಬೆಳಕಿನ ಬಹುಪಾಲು 1100ರ ಆಚೆ ಬೀಳುತ್ತದೆ. ಕ್ಯಾಮೆರಾಗಳಲ್ಲಿ ಬಳಸುವ ಸಿಲಿಕಾನ್ ಅಲ್ಲಿಗೆ ಕುರುಡು.

ಮಣಿಪಾಲದವರು ಕೆಲಸವನ್ನು ಹಂಚಿದರು. 1064ರ ಲೇಸರಿಗೆ ಹಿಡಿಯುವ ಕೆಲಸ, 785ರ ಲೇಸರಿಗೆ ವಿಚಾರಿಸುವ ಕೆಲಸ. ಹಿಡಿತದ ಹೊರೆ ತಪ್ಪಿದ್ದರಿಂದ ಎರಡನೆಯ ಲೇಸರಿಗೆ ಕೆಲವೇ ಮಿಲಿವಾಟ್ ಸಾಕಾಯಿತು. ಆಸೀಫಲಿ ಬಂಕಾಪುರ, ಎಲ್ಸಾ ಜಕರಯ್ಯ, ಸಂತೋಷ್ ಚಿದಂಗಿಲ್, ಮನ್ನಾ ವಲಿಯತ್ತಾನ್ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದೀಪಕ್ ಮಾಥುರ್ 2010ರಲ್ಲಿ ಇದನ್ನು ಪ್ರಕಟಿಸಿದರು. ಒಂಟಿ ಕೆಂಪು ಕಣದ ರೋಹಿತದಲ್ಲಿ ಅದುವರೆಗೆ ಯಾರೂ ವರದಿ ಮಾಡಿರದ, ಹಿಮೋಗ್ಲೋಬಿನ್ನಿನಿಂದಲೇ ಬಂದ ಕೆಲವು ಗೆರೆಗಳು ಅವರಿಗೆ ಕಂಡವು. ಬಿಳಿ ಕಣಗಳ ರೋಹಿತವೂ ದೊರೆಯಿತು. ಗಾಜಿಗೆ ಅಂಟಿಸಿದ ಕಣ ಹೇಳುವುದಕ್ಕಿಂತ ತೇಲುವ ಕಣ ಹೆಚ್ಚು ಹೇಳುತ್ತದೆ ಎಂಬುದು ಅವರ ತೀರ್ಮಾನವಾಗಿತ್ತು. ನನ್ನ ದೃಷ್ಟಿಯಲ್ಲಿ ಇದು 1987ರ ಪಾಠದ ಮುಂದುವರಿಕೆಯೇ. ಅಲ್ಲಿ ಬಣ್ಣ ಬದಲಾಯಿತು, ಇಲ್ಲಿ ಬಣ್ಣಗಳ ನಡುವೆ ಕೆಲಸ ಹಂಚಿಕೆಯಾಯಿತು. ಎರಡೂ ಕಡೆ ಬರಿಯ ಬಲವನ್ನು ನೆಚ್ಚಿಕೊಂಡಿರಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಧಾರಣೆ ಇನ್ನೊಂದು ದಿಕ್ಕು ಹಿಡಿಯಿತು. ತರಂಗಾಂತರಕ್ಕಿಂತ ಬಹಳ ಕಿರಿದಾದ ಕಣದ ವ್ಯಾಸ ಹತ್ತರಲ್ಲೊಂದಾದರೆ ಹಿಡಿತ ಸಾವಿರದಲ್ಲೊಂದಾಗುತ್ತದೆ, ಆದ್ದರಿಂದ ತೀರಾ ಸಣ್ಣವು ನುಣುಚಿಕೊಳ್ಳುತ್ತವೆ. ಸೌವಿಕ್ ಘೋಷ್ ಮತ್ತು ಅಂಬರೀಷ್ ಘೋಷ್ 2018ರಲ್ಲಿ ತಿರುಪಿನಾಕಾರದ ಸೂಕ್ಷ್ಮ ಕಡ್ಡಿಗೆ ಲೋಹದ ಕಣಗಳನ್ನು ಕೂಡಿಸಿ, ಅವುಗಳ ಹತ್ತಿರ ಬೆಳಕು ಇನ್ನಷ್ಟು ದಟ್ಟವಾಗುವಂತೆ ಮಾಡಿದರು. ಕಡ್ಡಿಯನ್ನು ಕಾಂತಕ್ಷೇತ್ರದಿಂದ ಈಜಿಸಿದರು. ಚಿಮಟವೇ ಬೇಟೆಯ ಬಳಿಗೆ ಹೋಗುವಂತಾಯಿತು. ಅದೇ 2018ರಲ್ಲಿ ಆಶ್ಕಿನ್‌ಗೆ ನೊಬೆಲ್ ಬಂತು. ಆಗ ಅವನ ವಯಸ್ಸು 96. ಅವನ ಸಹೋದ್ಯೋಗಿ ಚು, ಲೇಸರಿನಿಂದ ಪರಮಾಣುಗಳನ್ನು ತಂಪಾಗಿಸಿ ಹಿಡಿದದ್ದಕ್ಕಾಗಿ 1997ರಲ್ಲೇ ಅದನ್ನು ಪಡೆದಿದ್ದರು. ಆಶ್ಕಿನ್ 2020ರಲ್ಲಿ ತೀರಿಕೊಂಡನು.

ಮಣಿಪಾಲದ ಚಿಮಟ ಆಮೇಲೆ ಸುಮ್ಮನೆ ಕೂರಲಿಲ್ಲ. 2012ರಲ್ಲಿ ಬೆಳ್ಳಿಯ ನ್ಯಾನೋಕಣಗಳು ಕಾಂಡಕೋಶಗಳಿಗೆ ಕೊಡುವ ಪೀಡೆಯನ್ನು ಅದರಲ್ಲಿ ನೋಡಿದರು. 2019ರಲ್ಲಿ ಪ್ರಕಟವಾದ ಕೆಲಸ ಆಸ್ಪತ್ರೆಗೆ ಇನ್ನೂ ಹತ್ತಿರದ್ದು. ಯಾರನ್ನಾದರೂ ನೋಡಲು ಆಸ್ಪತ್ರೆಗೆ ಹೋದಾಗ ಮಂಚದ ಪಕ್ಕ ತೂಗುವ ಸಲೈನ್ ಬಾಟಲಿಯನ್ನು ನೀವು ಕಂಡಿದ್ದೀರಿ. ಆ ಉಪ್ಪುನೀರಿನಲ್ಲಿಟ್ಟ ಕೆಂಪು ಕಣವನ್ನು ಬೆಳಕಿನ ಚಿಮಟದಲ್ಲಿ ಹಿಡಿದು ವಿಚಾರಿಸಿದಾಗ, ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟುಕೊಡುವ ಗುರುತು ರೋಹಿತದಲ್ಲಿ ಕಂಡಿತು. ಇದರಿಂದ ಸಲೈನ್ ಕೆಟ್ಟದ್ದೆಂದು ತಿಳಿಯಬೇಡಿ. ಗಾಜಿನ ಮೇಲೆ ನೋಡುವ ಒಂಟಿ ಕಣ ಬೇರೆ, ರೋಗಿಯ ಮೈಯಲ್ಲಿ ಹರಿಯುವ ಲೀಟರುಗಟ್ಟಲೆ ರಕ್ತ ಬೇರೆ. ಕೊಡಬೇಕೋ ಬೇಡವೋ ಎಂಬುದು ವೈದ್ಯರಿಗೆ ಸೇರಿದ್ದು. ಆದರೆ ಅಂಥ ಪ್ರಶ್ನೆಯನ್ನು ಒಂದೇ ಒಂದು ಜೀವಂತ ಕಣಕ್ಕೆ ನೇರವಾಗಿ ಕೇಳಬಹುದಾಗಿದೆ.

2010ರ ಆ ಲೇಖನ ಪ್ಲಾಸ್ ಒನ್ ಎಂಬ, ಯಾರು ಬೇಕಾದರೂ ಹಣ ಕೊಡದೆ ಅಂತರಜಾಲದಲ್ಲಿ ಓದಬಹುದಾದ ಪತ್ರಿಕೆಯಲ್ಲಿದೆ. ಪದವಿ ತರಗತಿಯಲ್ಲಿ ಭೌತವಿಜ್ಞಾನ ಓದುತ್ತಿರುವವರು ಅದರ ಮೊದಲ ಚಿತ್ರವನ್ನು, ಎರಡು ಲೇಸರುಗಳ ದಾರಿಯನ್ನು, ಬೆರಳಿಟ್ಟು ಅನುಸರಿಸಿ ನೋಡಿ. ಕನ್ನಡಿಗಳನ್ನು ಲೆಕ್ಕ ಮಾಡುತ್ತಾ ಹೋದರೆ ದಾರಿ ತಪ್ಪುವುದಿಲ್ಲ.